ಯಂತ್ರಕ್ಕೆ ಜಗಳ ಕಲಿಸಿದ ಲಾಂಡ್ರಿ ಅಕ್ಕ

ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿಯಾದ ಬಟ್ಟೆ ಉಟ್ಟು, ಊಟದ ಡಬ್ಬಿ ಹಿಡಿದು ಜಗಳ ಆಡಲೆಂದೇ ಆಫೀಸಿಗೆ ಹೋಗುವವರನ್ನು ನೀವು ನೋಡಿರಲಿಕ್ಕಿಲ್ಲ. ನಾನು ದಿನಾ ನೋಡುತ್ತಿದ್ದೆ. ಸಂಬಳ, ರಜೆ, ಕೊರಳಿಗೆ ನೇತುಹಾಕಿಕೊಳ್ಳುವ ಕಾರ್ಡು ಎಲ್ಲ ಇದ್ದ ಪಕ್ಕಾ ನೌಕರಿ ಅದು. ಕಾರ್ಡಿನ ಮೇಲೆ ‘ಸಂವಾದ ಸಹಾಯಕಿ’ ಎಂದು ಅಚ್ಚಾಗಿತ್ತು. ಲಾಂಡ್ರಿ ಅಕ್ಕ ಅದನ್ನು ಓದಿ ಮೂಗು ಮುರಿದು, “ಜಗಳಗಂಟಿ ಅಂತ ಬರೆಯೋಕೆ ಇವರಿಗೇನು ರೋಗ?” ಎಂದಿದ್ದರು.

ಅವರು ಆಸ್ಪತ್ರೆಯ ಲಾಂಡ್ರಿಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಆಳೆತ್ತರದ ಒಗೆಯುವ ಯಂತ್ರಗಳ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವರ ಗಂಟಲು ಅದೇ ಅಳತೆಗೆ ನಿಂತುಬಿಟ್ಟಿತ್ತು. “ಟೀ ಕುಡಿದ್ಯಾ?” ಎಂದು ವಿಚಾರಿಸಿಕೊಂಡರೂ ಎದುರಿಗಿದ್ದವರು ನಾನೇನು ತಪ್ಪು ಮಾಡಿದೆ ಎಂದು ಯೋಚಿಸಬೇಕು. ನಾನು ಜಗಳ ನಡೆಯುವ ಕೋಣೆಯ ಗಾಜಿನ ಈಚೆ ಕೂತು ಧ್ವನಿ ರೆಕಾರ್ಡ್ ಮಾಡುವವನು. ಸದಾ ಹೆಡ್‌ಫೋನ್ ಹಾಕಿಕೊಂಡಿರುತ್ತೇನೆ ಎಂದು ಅವರು ಮೊದಲ ದಿನವೇ ನನಗೆ ‘ಕಿವಿ’ ಎಂದು ಹೆಸರಿಟ್ಟರು. ಆಮೇಲೆ ಇಡೀ ಆಫೀಸು ಹಾಗೇ ಕರೆಯತೊಡಗಿತು. ನನ್ನ ನಿಜವಾದ ಹೆಸರು ಈಗ ಸಂಬಳದ ದಿನ ಮಾತ್ರ ಕೇಳಿಬರುತ್ತದೆ.

ನಮ್ಮ ಕಂಪನಿ ತಯಾರಿಸುತ್ತಿದ್ದುದು ಒಂದು ರಿಯಾಲಿಟಿ ಶೋ. ಒಂದು ಮನೆ, ಅದರೊಳಗೆ ಏಳು ಜನ, ದಿನಾ ಸಂಜೆ ಏಳಕ್ಕೆ ಒಂದು ಕಂತು, ವಾರಕ್ಕೊಮ್ಮೆ ಜನ ವೋಟು ಹಾಕಿ ಒಬ್ಬರನ್ನು ಆಚೆ ಕಳಿಸುವುದು. ಎಲ್ಲ ಶೋಗಳ ಹಾಗೆಯೇ. ಆದರೆ ಆ ಮನೆಯೂ ಇರಲಿಲ್ಲ, ಆ ಜನರೂ ಇರಲಿಲ್ಲ. ಮುಖ, ದನಿ, ಗೋಡೆಯ ಬಣ್ಣ, ಸೋಫಾದ ಮೇಲಿನ ಟೀ ಕಲೆ, ಎಲ್ಲವೂ ಕೃತಕ ಬುದ್ಧಿಮತ್ತೆ ಹುಟ್ಟಿಸಿದ್ದು. ನಿನ್ನೆ ಜನ ಯಾವ ಗಳಿಗೆಯಲ್ಲಿ ಕಣ್ಣು ಕೀಳದೆ ನೋಡಿದರು, ಯಾವಾಗ ಚಾನೆಲ್ ಬದಲಾಯಿಸಿದರು ಎಂಬ ಮಾಹಿತಿ ಬೆಳಿಗ್ಗೆ ಯಂತ್ರದ ಹೊಟ್ಟೆಗೆ ಹೋಗುತ್ತಿತ್ತು. ಸಂಜೆಯೊಳಗೆ ಹೊಸ ಕಂತು ಹೊರಬರುತ್ತಿತ್ತು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಈ ಮನೆಯಲ್ಲಿರುವ ಯಾರೂ ನಿಜವಾಗಿ ಇಲ್ಲ ಎಂದು ಪ್ರತಿ ಕಂತಿನ ಶುರುವಿನಲ್ಲೇ ದಪ್ಪ ಅಕ್ಷರದಲ್ಲಿ ತೋರಿಸುತ್ತಿದ್ದೆವು. ಆದರೂ ಇಲ್ಲದವರನ್ನು ಇಲ್ಲದ ಮನೆಯಿಂದ ಹೊರಗೆ ಹಾಕಲು ಜನ ಮುಗಿಬಿದ್ದು ವೋಟು ಹಾಕುತ್ತಿದ್ದರು. ನನ್ನ ಸೋದರತ್ತೆಯಂತೂ ಹಾಗೆ ಹೊರಗೆ ಹೋದ ಒಬ್ಬ ಹುಡುಗನಿಗಾಗಿ ಊಟವನ್ನೇ ಬಿಟ್ಟಿದ್ದಳು. ನನ್ನ ಹಿಂದಿನ ಕೆಲಸ ಹೋದಾಗ ಅವಳು ಒಂದು ತುತ್ತೂ ಕಡಿಮೆ ಉಂಡವಳಲ್ಲ.

ಯಂತ್ರಕ್ಕೆ ಎಲ್ಲ ಬರುತ್ತಿತ್ತು, ಜಗಳ ಒಂದು ಬಿಟ್ಟು. ಅದು ಹುಟ್ಟಿಸಿದ ಜನ ತೀರಾ ಸಭ್ಯರು. ಒಬ್ಬ ದನಿ ಏರಿಸಿದರೆ ಇನ್ನೊಬ್ಬ ಕ್ಷಮೆ ಕೇಳುತ್ತಿದ್ದ, ಮೂರು ಮಾತಿನಲ್ಲಿ ರಾಜಿಯಾಗಿ ಇಬ್ಬರೂ ತರಕಾರಿ ಹೆಚ್ಚಲು ಕೂರುತ್ತಿದ್ದರು. ಅಂಥ ಮನೆಯನ್ನು ಯಾರು ನೋಡುತ್ತಾರೆ? ಅದಕ್ಕೇ ಕಂಪನಿಯವರು ಚೆನ್ನಾಗಿ ಜಗಳ ಆಡಬಲ್ಲ ಮಾಮೂಲಿ ಜನ ಬೇಕು ಎಂದು ಜಾಹೀರಾತು ಕೊಟ್ಟರು. ದಿನಾ ಒಂದು ವಿಷಯ ಹಿಡಿದು ಯಂತ್ರದ ಜೊತೆ ಜಗಳ ಆಡಬೇಕು. ಯಂತ್ರ ಆ ಜಗಳದ ನಡೆಯನ್ನು ಕಲಿಯುತ್ತದೆ, ಮಾತುಗಳನ್ನು ಎತ್ತಿಕೊಳ್ಳುವುದಿಲ್ಲ ಎಂದು ಹೇಳಿದ್ದರು. ಹಾಗೆ ಬಂದವರಲ್ಲಿ ಬಹಳ ಜನ ಒಂದು ವಾರದಲ್ಲೇ ಗಂಟಲು ಕಟ್ಟಿ ಹೋದರು. ಲಾಂಡ್ರಿ ಅಕ್ಕ ನಿಂತರು.

ಮೊದಲ ದಿನದ ವಿಷಯ, ಹಾಸಿಗೆಯ ಮೇಲೆ ಬಿಸಾಕಿದ ಒದ್ದೆ ಟವೆಲ್. ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಮೈಕು, ಗೋಡೆಯಲ್ಲಿ ಒಂದು ಸ್ಪೀಕರ್. ಶೋನಲ್ಲಿ ಅಕ್ಕ, ತಂಗಿ ಎಂಬ ಎರಡು ಪಾತ್ರಗಳಿದ್ದವು. ಇವರು ಅಕ್ಕ, ಯಂತ್ರ ತಂಗಿ. ಲಾಂಡ್ರಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಟವೆಲ್ ಬಗ್ಗೆ ಬೈದರು. ಸ್ಪೀಕರಿನಿಂದ ಎಳೆಯ ದನಿಯೊಂದು, “ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ. ಇನ್ನು ಮುಂದೆ ಟವೆಲನ್ನು ತಂತಿಯ ಮೇಲೆ ಹಾಕುತ್ತೇನೆ” ಎಂದಿತು.

“ಅರ್ಥ ಆಗಲಿ ಅಂತ ನಿನ್ನ ಯಾರು ಕೇಳಿದ್ರು?” ಅಕ್ಕನ ದನಿಗೆ ನನ್ನ ಹೆಡ್‌ಫೋನ್ ನಡುಗಿತು. “ಇಷ್ಟು ಬೇಗ ಒಪ್ಕೊಂಡ್ರೆ ಬೆಳಿಗ್ಗೆಯಿಂದ ಹೊಟ್ಟೇಲಿಟ್ಕೊಂಡಿದ್ದನ್ನ ನಾನು ಎಲ್ಲಿ ಸುರೀಲಿ? ಟವೆಲ್ ಬಗ್ಗೆ ಬೈದ್ರೆ ಟವೆಲ್ ಬಗ್ಗೆ ಮಾತಾಡ್ತಾರೇನೇ? ಹೋದ ವರ್ಷ ನಾನು ನಿನ್ನ ಛತ್ರಿ ಕಳೆದಿದ್ದು ಎತ್ತು.”

ಯಂತ್ರ ಛತ್ರಿ ಎತ್ತಿತು. ಅಲ್ಲಿಂದ ಶುರುವಾಯಿತು ನೋಡಿ. ಛತ್ರಿಯಿಂದ ಕಿಟಕಿ, ಕಿಟಕಿಯಿಂದ ಬಚ್ಚಲಿನ ದೀಪ, ದೀಪದಿಂದ ಚಿಕ್ಕಂದಿನಲ್ಲಿ ಯಾರ ಬಟ್ಟೆಯನ್ನು ಯಾರು ಹಾಕಿಕೊಂಡಿದ್ದರು ಎಂಬಲ್ಲಿಗೆ ಮಾತಿಗೆ ಮಾತು ಬೆಳೆಯಿತು. ನಾನು ಗಾಜಿನ ಈಚೆ ಕೂತು ಬಾಯಿ ಮುಚ್ಚಿಕೊಂಡು ನಕ್ಕೆ. ನಡುನಡುವೆ ಅಕ್ಕ ಜಗಳ ನಿಲ್ಲಿಸಿ ಯಂತ್ರವನ್ನು ತಿದ್ದುತ್ತಿದ್ದರು. “ಅಷ್ಟು ಕೂಗಬೇಡ. ಅವಳು ಕೂಗಲ್ಲ. ನಾನು ಇಷ್ಟುದ್ದ ಬೈದ ಮೇಲೆ ‘ಸರಿ ಬಿಡು’ ಅಂದು ಬಟ್ಟೆ ಮಡಚ್ತಾ ಕೂರ್ತಾಳೆ. ಅದಕ್ಕೆ ಮೈ ಉರಿಯುತ್ತೆ ನನಗೆ.”

“ಯಾರು ಅಕ್ಕಾ?” ಎಂದು ಮೈಕಿನಲ್ಲಿ ಕೇಳಿದೆ. ಅವರು ಕೇಳಿಸದವರ ಹಾಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರು.

ಕೆಲವೇ ವಾರಗಳಲ್ಲಿ ಶೋ ಎಲ್ಲರ ಬಾಯಲ್ಲೂ ಬಂತು. ಟಿವಿಯ ಅಕ್ಕ ತಂಗಿಯರ ಜಗಳ ನೋಡಲು ಜನ ಮನೆಗೆ ಓಡುತ್ತಿದ್ದರು. ನಮ್ಮ ಮ್ಯಾನೇಜರ್ ಹೆಂಗಸು ಬಂದು ಲಾಂಡ್ರಿ ಅಕ್ಕನ ಬೆನ್ನು ತಟ್ಟಿ ಹೋದಳು. ಅಕ್ಕ ಮಾತ್ರ ಹೊಗಳಿಕೆಗೆ ಬಗ್ಗುವವರಲ್ಲ. ಆದರೆ ನಾನೊಂದು ಗಮನಿಸಿದ್ದೆ. ಅವರು ಎಲ್ಲರಿಗಿಂತ ಮೊದಲೇ ಬರುತ್ತಿದ್ದರು, ಊಟದ ಡಬ್ಬಿಯನ್ನೂ ಜಗಳದ ಕೋಣೆಯಲ್ಲೇ ಬಿಚ್ಚುತ್ತಿದ್ದರು. ಊಟದ ಹೊತ್ತಿನಲ್ಲಿ ಯಂತ್ರ ಆಫ್ ಆಗಿರುತ್ತಿತ್ತು. ಸ್ಪೀಕರಿನ ಎದುರಿಗೆ ಕುರ್ಚಿ ತಿರುಗಿಸಿಕೊಂಡು ತುಟಿ ಪಿಟಕ್ಕೆನ್ನದೆ ಉಣ್ಣುತ್ತಿದ್ದರು. ಒಂದು ದಿನ ನನ್ನ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ ನೆಲದ ಮೇಲೆ ಕೂತೆ. ಆಗ ಹೇಳಿದರು.

ಅವರು ಮತ್ತು ಅವರ ತಂಗಿ, ಇಬ್ಬರೂ ಮದುವೆಯಾದವರಲ್ಲ. ತಾಯಿಯ ಜೊತೆ ಎರಡು ಕೋಣೆಯ ಮನೆಯಲ್ಲಿ ಬಾಳಿದವರು. ತಂಗಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ರಿಪೇರಿ ಮಾಡುತ್ತಾಳೆ. ಬೆಳಗಾದರೆ ಇವರು ಕಿಟಕಿ ಮುಚ್ಚುವುದು, ಅವಳು ತೆರೆಯುವುದು. ಅದರಲ್ಲೇ ಕೂದಲು ಬೆಳ್ಳಗಾಯಿತು. ಆಮೇಲೆ ತಾಯಿ ಹಾಸಿಗೆ ಹಿಡಿದರು. ಇವರಿಗೆ ಲಾಂಡ್ರಿಯಲ್ಲಿ ರಜೆ ಸಿಗಲಿಲ್ಲ. ತಂಗಿ ಹೊಲಿಗೆ ಬಿಟ್ಟು ಹಗಲೂ ರಾತ್ರಿ ತಾಯಿಯ ಪಕ್ಕ ಕೂತಳು. ಒಂದು ಮಧ್ಯಾಹ್ನ ಇವರು ಪಾಳಿ ಮುಗಿಸಿ ಮನೆಗೆ ಬಂದರೆ ತಂಗಿ ಕುರ್ಚಿಯಲ್ಲೇ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಮಂಚದ ಮೇಲೆ ತಾಯಿಯ ಜೀವ ಹೋಗಿತ್ತು.

“ಜನ ಎಲ್ಲ ಬಂದ್ರು. ಅಮ್ಮ ಹೇಗೆ ಹೋದ್ರು ಅಂತ ಯಾರೋ ಕೇಳಿದ್ರು,” ಅಕ್ಕ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದರು. “ನಾನು ಅವಳ ಕಡೆ ತಿರುಗಿ, ನೀನು ಮಲಗಿದ್ದೆ, ಅಮ್ಮ ಹೋದ್ಲು ಅಂದೆ. ಅಷ್ಟು ಜನರ ಮುಂದೆ. ಅವಳು ಏನೂ ಅನ್ನಲಿಲ್ಲ ಕಿವಿ. ಸರಿ ಬಿಡು ಅಂದ್ಲು. ಅಮ್ಮನ ಬೆಡ್‌ಶೀಟ್ ತೆಗೆದು ಮಡಚೋಕೆ ಶುರು ಮಾಡಿದ್ಲು.”

ಅದೇ ಕೊನೆಯ ಮಾತು. ಮೇಲಿನ ಮನೆ ಖಾಲಿಯಾದಾಗ ತಂಗಿ ಹೊಲಿಗೆ ಯಂತ್ರ ಹೊತ್ತುಕೊಂಡು ಅಲ್ಲಿಗೆ ಹೋದಳು. ಆಗಿನಿಂದ ವರ್ಷಗಳೇ ಉರುಳಿದ್ದವು. ಮೆಟ್ಟಿಲ ಬುಡದಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಾಳೆ, ಮುಖ ಎತ್ತುವುದಿಲ್ಲ.

“ದೂರ ಹೋಗಿದ್ರೆ ಜಗಳ ಆಗಿದೆ ಅಂತಾದ್ರೂ ಅನ್ಕೋಬಹುದಿತ್ತು,” ಎಂದರು ಅಕ್ಕ. “ಸರಿಯಾಗಿ ನನ್ನ ತಲೆ ಮೇಲೆ ಇದ್ದಾಳೆ. ಕುರ್ಚಿ ಎಳೆದದ್ದು ಕೇಳಿಸುತ್ತೆ, ಕೆಮ್ಮಿದ್ದು ಕೇಳಿಸುತ್ತೆ. ನಾನು ಬೆಳಿಗ್ಗೆ ಕಿಟಕಿ ಮುಚ್ಚಿ ಬರ್ತೀನಿ. ಸಂಜೆ ಹೋದಾಗಲೂ ಮುಚ್ಚೇ ಇರುತ್ತೆ. ತೆರೆಯೋರು ಯಾರಿದ್ದಾರೆ?”

ನಾನು ನನ್ನ ಡಬ್ಬಿ ಮುಚ್ಚಿದೆ. ನಾನೂ ಒಂಟಿ ಮನುಷ್ಯನೇ. ಆದರೆ ನನ್ನ ಒಂಟಿತನಕ್ಕೆ ಮೇಲಿನ ಮನೆಯಿಂದ ಕೆಮ್ಮು ಕೇಳಿಸುವುದಿಲ್ಲ. ಅದು ಎಷ್ಟೋ ವಾಸಿ ಎನಿಸಿತು.

ಇನ್ನೊಂದು ಸಂಗತಿಯನ್ನೂ ಅವತ್ತೇ ಹೇಳಿದರು. ಎರಡೂ ಮನೆಗೆ ನೀರಿನ ಪೈಪು ಒಂದೇ. ಸಂಜೆ ಸ್ವಲ್ಪ ಹೊತ್ತು ನೀರು ಬಿಡುತ್ತಾರೆ. ಕೆಳಗೆ ನಲ್ಲಿ ತೆರೆದಿದ್ದರೆ ಮೇಲೆ ಬರೀ ಗಾಳಿ ಬುಸುಗುಟ್ಟುತ್ತದೆ. ಮೇಲೆ ಬಕೆಟ್ ಇಟ್ಟ ಸದ್ದು ಕೇಳಿದ ಕೂಡಲೇ ಇವರು ತಮ್ಮ ನಲ್ಲಿ ನಿಲ್ಲಿಸಿಬಿಡುತ್ತಾರೆ. ಬಕೆಟ್ ತುಂಬಿದ ಮೇಲೆ ಮತ್ತೆ ತೆರೆಯುತ್ತಾರೆ. “ಅವಳಿಗೇನೂ ಗೊತ್ತಿಲ್ಲ ಬಿಡು. ನೀರು ತಾನಾಗೇ ಬರುತ್ತೆ ಅನ್ಕೊಂಡಿದ್ದಾಳೆ, ಮಹಾರಾಣಿ.”

ಇದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಅಕ್ಕ ಒಳಗೆ ಬರುತ್ತಲೇ ನನ್ನ ಗಾಜು ಬಡಿದರು. ಮುಖ ಊರಗಲ ಆಗಿತ್ತು.

“ಅವಳು ನಮ್ಮ ಶೋ ನೋಡ್ತಾಳೆ ಕಣೋ. ಏಳಕ್ಕೆ ಸರಿಯಾಗಿ ಮೇಲೆ ಆ ಹಾಳು ಟ್ಯೂನ್ ಬರುತ್ತೆ. ನನ್ನ ಟಿವಿ ಮ್ಯೂಟ್ ಮಾಡಿ ಅವಳದ್ದನ್ನೇ ಕೇಳ್ತಾ ಕೂತಿದ್ದೆ. ನಿನ್ನೆ ಟಿವಿಯ ತಂಗಿ ‘ಸರಿ ಬಿಡು’ ಅಂದು ಬಟ್ಟೆ ಮಡಚಿದ್ಲಲ್ಲ, ಆಗ ಮೇಲಿಂದ ನಗು ಬಂತು.”

“ಯಾರ ನಗು?”

“ಅವಳದ್ದೇ. ಮೂಗಿನಲ್ಲಿ ನಗ್ತಾಳೆ, ಹಂದಿ ಹಾಗೆ. ಎಷ್ಟು ವರ್ಷ ಆಗಿತ್ತು ಅದನ್ನ ಕೇಳಿ.”

ನಗುನಗುತ್ತಲೇ ಅವರ ಕಣ್ಣು ತುಂಬಿತು. ನನಗೂ ಆಗಲೇ ಹೊಳೆದದ್ದು. ಮಾತು ಎತ್ತಿಕೊಳ್ಳುವುದಿಲ್ಲ ಎಂದು ಕಂಪನಿ ಹೇಳಿದ್ದು ಬರೀ ಬಾಯಿಮಾತು, ಯಂತ್ರಕ್ಕೆ ರುಚಿಸಿದ್ದು ಹಾಗ್ಹಾಗೇ ಟಿವಿಗೆ ಹೋಗುತ್ತಿತ್ತು. ಅಕ್ಕನಿಗೆ ಇದರಿಂದ ಕೋಪ ಬರಲಿಲ್ಲ. ಬದಲಿಗೆ ಒಂದು ಉಪಾಯ ಹೊಳೆಯಿತು.

“ನಾನಿಲ್ಲಿ ಆಡಿದ್ದು ಅವಳ ಮನೆಯೊಳಗೆ ಹೋಗುತ್ತೆ,” ಎಂದರು. “ಬಾಗಿಲು ತಟ್ಟಬೇಕಾಗಿಲ್ಲ. ಹಾಗಾದ್ರೆ ನಾನು ಹೇಳಬೇಕಾದ್ದನ್ನ ಇಲ್ಲೇ ಹೇಳ್ತೀನಿ.”

ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಯಂತ್ರ ನಮ್ಮ ಜಗಳವನ್ನೆಲ್ಲ ಜರಡಿ ಹಿಡಿಯುತ್ತದೆ. ಬಿಸಿ ಇದ್ದದ್ದು ಶೋಗೆ, ತಣ್ಣಗಿದ್ದದ್ದು ಕಸಕ್ಕೆ. ಕ್ಷಮೆ, ಸಮಾಧಾನ, ಅಳು ಒರೆಸುವುದು ಬಂದರೆ ಜನ ಎದ್ದು ಅಡುಗೆಮನೆಗೆ ಹೋಗುತ್ತಾರೆ ಎಂದು ಅದಕ್ಕೆ ಗೊತ್ತಾಗಿಬಿಟ್ಟಿದೆ.

ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಯೋಚಿಸಿದರು. “ಹಾಗಾದ್ರೆ ಜಗಳದ ಒಳಗಿಟ್ಟು ಕಳಿಸ್ತೀನಿ. ಬೈಯ್ತಾ ಬೈಯ್ತಾನೇ ತಪ್ಪಾಯ್ತು ಅಂತೀನಿ. ಅದಕ್ಕೇನು ತಿಳಿಯುತ್ತೆ?”

ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ ಹೇಳಬಹುದಲ್ಲ ಎಂದು ಕೇಳಿದೆ. ಬಾಗಿಲು ತೆಗೆಯದೆ ಹೋದರೆ, ಎಂದಷ್ಟೇ ಅಂದರು ಅಕ್ಕ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಅವತ್ತಿನ ವಿಷಯವೂ ಏನೋ ಕೆಲಸಕ್ಕೆ ಬಾರದ್ದೇ, ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕದ್ದು. ಅಕ್ಕ ಕೂತು ಜಗಳ ಆಡುವವರು, ಅವತ್ತು ನಿಂತರು. ಫ್ರಿಜ್ಜಿನಿಂದ ಶುರು ಮಾಡಿ, ಛತ್ರಿ ದಾಟಿ, ಕಿಟಕಿಗೆ ಬಂದು, ದನಿ ಏರಿಸುತ್ತಾ ಹೋದರು. ಯಂತ್ರವೂ ಬಾಲ ಬಿಚ್ಚಿತು. ನನ್ನ ಎದುರಿನ ಪರದೆಯಲ್ಲಿ ಜಗಳದ ಬಿಸಿ ತೋರಿಸುವ ಗೆರೆಗಳೆಲ್ಲ ಕೆಂಪಾದವು. ಆಗ ಅಕ್ಕ ಉಸಿರು ಎಳೆದುಕೊಂಡು ಅದೇ ಗಂಟಲಲ್ಲಿ ಕೂಗಿದರು.

“ನೀನು ಮಲಗಿದ್ದೆ. ಅಮ್ಮ ಹೋದ್ಲು. ಹಾಗಂದೆ ನಾನು, ಎಲ್ಲರ ಮುಂದೆ ಅಂದೆ. ನೀನು ಎಷ್ಟು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಅಂತ ನನಗಲ್ದೆ ಇನ್ಯಾರಿಗೆ ಗೊತ್ತಿತ್ತೇ? ನಾನು ಬಂದಾಗ ಇಬ್ಬರೂ ಕಣ್ಣು ಮುಚ್ಕೊಂಡಿದ್ರಿ. ಇಬ್ಬರನ್ನೂ ಕೂಗಿದೆ. ಎದ್ದವಳು ನೀನೊಬ್ಬಳೇ. ಅದಕ್ಕೆ ನಿನಗೆ ಬೈದೆ. ಅಮ್ಮ ಎದ್ದಿದ್ರೆ ಅವಳಿಗೂ ಬೈತಿದ್ದೆ. ತಪ್ಪಾಯ್ತು ಕಣೇ. ಕೇಳಿಸ್ತಾ? ತಪ್ಪಾಯ್ತು.”

ಗೆರೆಗಳು ಕೊನೆಯ ತನಕ ಕೆಂಪಾಗೇ ಇದ್ದವು. ಯಂತ್ರದ ಜರಡಿ ದಾಟಿಸಿಬಿಟ್ಟರು ಎಂದುಕೊಂಡೆ. ಆಗ ಸ್ಪೀಕರಿನ ಎಳೆಯ ದನಿ ಹೇಳಿತು: “ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ.”

ಅಕ್ಕ ಗಾಜಿನ ಮೂಲಕ ನನ್ನನ್ನು ನೋಡಿದರು. “ನೋಡಿದ್ಯಾ ಕಿವಿ? ಜಗಳ ಬಿಟ್ಟು ಬೇರೇನೂ ಕಲಿಸಿಲ್ಲ ಇದಕ್ಕೆ ನಾನು.”

ಅಕ್ಕನ ಆ ಮಾತು ಮಾರನೆಯ ದಿನದ ಕಂತಿನಲ್ಲಿ ಬರಲಿಲ್ಲ, ಅದರ ಮಾರನೆಯ ಸಂಜೆ ಬಂತು. ನಾನೂ ನನ್ನ ಕೋಣೆಯಲ್ಲಿ ಟಿವಿ ಹಾಕಿ ಕೂತಿದ್ದೆ. ಆ ಇಲ್ಲದ ಮನೆಯಲ್ಲಿ ತಂಗಿ ಸೋಫಾದಲ್ಲಿ ತೂಕಡಿಸುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಮನೆಯವರೆಲ್ಲ ಓಡಿಬಂದರು. ಟಿವಿಯ ಅಕ್ಕ ಪಾತ್ರೆ ಇಳಿಸಿ, ನಿಧಾನವಾಗಿ ತಿರುಗಿ, ಎಲ್ಲರ ಎದುರಿಗೆ ಹೇಳಿದಳು.

“ನೀನು ಮಲಗಿದ್ದೆ. ಅಮ್ಮ ಹೋದ್ಲು.”

ಸಂಗೀತ ನಿಂತಿತು. ಎಲ್ಲರ ಮುಖವನ್ನೂ ಒಂದೊಂದಾಗಿ ತೋರಿಸಿದರು. ತಂಗಿ ಎದ್ದು, “ಸರಿ ಬಿಡು” ಎಂದು, ಸೋಫಾದ ಮೇಲಿದ್ದ ಹೊದಿಕೆ ತೆಗೆದು ಮಡಚತೊಡಗಿದಳು. ಆಮೇಲೆ ಸೋಪಿನ ಜಾಹೀರಾತು ಬಂತು. ನಾನು ಕೊನೆಯ ತನಕ ಕಾದೆ. ಅಕ್ಕನ ಉಳಿದ ಮಾತು ಬರಲೇ ಇಲ್ಲ. ಹಿಂದಕ್ಕೆ ತೆಗೆದುಕೊಳ್ಳಬೇಕೆಂದರೆ ಆ ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಲೇಬೇಕಿತ್ತು. ಯಂತ್ರ ಅದೊಂದನ್ನೇ ಇಟ್ಟುಕೊಂಡಿತ್ತು. ಆ ಮಧ್ಯಾಹ್ನ ಮಂಚದ ಸುತ್ತ ಇದ್ದವರು ನೆಂಟರಿಷ್ಟರು ಮಾತ್ರ. ಈಗ ಊರಿಗೆ ಊರೇ ನಿಂತು ನೋಡಿತು.

ನನಗೆ ಮೈಯೆಲ್ಲ ಉರಿಯಿತು. ಆದರೆ ಯಾರ ಮೇಲೆ ಹಾರಾಡಲಿ? ಯಂತ್ರಕ್ಕೆ ಗುದ್ದಿದರೆ ನನ್ನ ಕೈ ನೋಯುತ್ತದೆ, ಮ್ಯಾನೇಜರಿಗೆ ಬೈದರೆ ಕೆಲಸ ಹೋಗುತ್ತದೆ. ನನ್ನ ಸೋದರತ್ತೆ ಬೇರೆ ಫೋನ್ ಮಾಡಿ, ಆ ತಂಗಿ ಎಂಥ ಕಲ್ಲುಮನಸ್ಸಿನವಳು ನೋಡು, ತಾಯಿ ಸಾಯುವಾಗ ಮಲಗಿದ್ದಳಂತೆ ಎಂದಳು. ಅವಳ ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ.

ಬೆಳಿಗ್ಗೆ ಅಕ್ಕ ಬಂದರು. ಮುಖ ಬಾಡಿತ್ತು. ಅವರು ಚಪ್ಪಲಿ ಬಿಡುವ ಮೊದಲೇ ಮ್ಯಾನೇಜರ್ ಎದುರು ಬಂದಳು. ಅವಳೇನೂ ಕೆಟ್ಟವಳಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ.

“ಅಕ್ಕಾ, ಆ ಮಾತು ಎಲ್ಲಿಂದ ತಂದ್ರಿ? ಆ ಹೊತ್ತಲ್ಲಿ ಒಬ್ಬರೂ ಚಾನೆಲ್ ಬದಲಾಯಿಸಿಲ್ಲ.”

“ಮನೆಯಿಂದ ತಂದೆ,” ಎಂದರು ಅಕ್ಕ.

ನೇರ ನನ್ನ ಬಳಿ ಬಂದು ಉಳಿದದ್ದು ಎಲ್ಲಿ ಎಂದು ಕೇಳಿದರು. ಹುಡುಕಿ ತೋರಿಸಿದೆ. ‘ಹಾಗಂದೆ ನಾನು’ ಎಂಬಲ್ಲಿಂದ ಕೊನೆಯ ತನಕ ಯಂತ್ರ ಕತ್ತರಿಸಿ, ಜನ ಎದ್ದು ಹೋಗುವ ಭಾಗ ಎಂದು ಗುರುತು ಹಾಕಿ ಕಸಕ್ಕೆ ಎಸೆದಿತ್ತು. ಕೂಗಿ ಹೇಳಿದರೆ ಅದಕ್ಕೆ ತಿಳಿಯುವುದಿಲ್ಲ ಎಂದುಕೊಂಡಿದ್ದೆವು. ಅದಕ್ಕೆ ತಿಳಿದಿತ್ತು.

“ಪೂರ್ತಿ ರೆಕಾರ್ಡಿಂಗ್ ನನ್ನ ಹತ್ತಿರ ಇದೆ,” ಎಂದೆ. “ಯಾರಿಗೂ ಹೇಳ್ಬೇಡಿ. ನಿಮ್ಮ ಫೋನಿಗೆ ಹಾಕಿಕೊಡ್ತೀನಿ. ನಿಮ್ಮ ತಂಗಿಗೆ ಕೇಳಿಸಿ.”

ಅಕ್ಕ ಫೋನು ಕೈಗೆ ತೆಗೆದುಕೊಂಡರು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಬೇಡಪ್ಪ. ಒಂದು ಡಬ್ಬಿಯ ಬಾಯಿಂದ ಕಳಿಸಿದ್ದಕ್ಕೇ ಹೀಗಾಯ್ತು. ಇನ್ನೊಂದು ಡಬ್ಬಿ ಯಾಕೆ?” ಹೊರಡಲು ತಿರುಗಿ, “ನಿನ್ನೆ ಆ ಮಾತು ಆದ ಕೂಡಲೇ ಮೇಲೆ ಟಿವಿ ನಿಂತುಹೋಯ್ತು. ದಿನಾ ಟಿವಿ ನಿಂತ ಮೇಲೆ ಹೊಲಿಗೆ ಮಿಷಿನ್ ಸದ್ದು ಬರುತ್ತೆ. ನಿನ್ನೆ ಅದೂ ಬರಲಿಲ್ಲ” ಎಂದರು. ಅವತ್ತು ಅವರು ಜಗಳದ ಕೋಣೆಗೆ ಹೋಗಲಿಲ್ಲ. ಹುಷಾರಿಲ್ಲ ಎಂದು ಹೇಳಿ ಮನೆಗೆ ಹೊರಟುಹೋದರು.

ಮಾರನೆಯ ದಿನ ಮಧ್ಯಾಹ್ನದ ಮೇಲೆ ಕಾರ್ಡು ವಾಪಸು ಕೊಡಲು ಬಂದರು. ಮ್ಯಾನೇಜರ್ ಎಷ್ಟು ಕೇಳಿಕೊಂಡರೂ ಜಗ್ಗಲಿಲ್ಲ. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು ನಡೆದದ್ದನ್ನು ಹೇಳಿದರು.

ಹಿಂದಿನ ಸಂಜೆ ಅವರು ನಲ್ಲಿಯ ಕೆಳಗೆ ಬಕೆಟ್ ಇಟ್ಟು ನಿಂತಿದ್ದರು. ಮೇಲೆ ಇನ್ನೂ ಏನೂ ಸದ್ದಿರಲಿಲ್ಲ. ಆಗ ಪಕ್ಕದ ಮನೆಯ ಟಿವಿಯಲ್ಲಿ ಇವತ್ತಿನ ಕಂತು ತಪ್ಪದೇ ನೋಡಿ ಎನ್ನುವ ಪ್ರಕಟಣೆ ಬಂತು, ಅದರೊಳಗೆ ಮತ್ತೆ ಆ ಮಾತು. ಎದುರು ಮನೆಯ ಟಿವಿಯಲ್ಲೂ ಅದೇ. ಅಕ್ಕ ತಡೆದುಕೊಳ್ಳಲಾರದೆ ಬರಿಗಾಲಲ್ಲೇ ಮೆಟ್ಟಿಲು ಹತ್ತಿದರು. ಅಷ್ಟು ವರ್ಷಗಳಲ್ಲಿ ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

“ಬಾಗಿಲು ತಟ್ಟಿದೆ. ತೆಗೀಲಿಲ್ಲ. ಇಲ್ಲಿ ಕೋಣೇಲಾದ್ರೆ ನಾನು ಒಂದು ಅಂದ್ರೆ ಗೋಡೆಯ ಸ್ಪೀಕರ್ ಒಂದು ಅನ್ನುತ್ತೆ. ಅಲ್ಲಿ ಬರೀ ಬಾಗಿಲು. ಏನು ಹೇಳೋದು ಅಂತಾನೇ ಮರೆತುಹೋಯ್ತು ಕಿವಿ. ಮೆತ್ತಗೆ ಹೇಳಬೇಕು ಅನ್ಕೊಂಡೆ. ನನ್ನ ಗಂಟಲಿಗೆ ಮೆತ್ತಗೆ ಎಲ್ಲಿ ಬರುತ್ತೆ? ಮೆಟ್ಟಿಲಿಗೆಲ್ಲ ಕೇಳೋ ಹಾಗೆ ಕೂಗಿಬಿಟ್ಟೆ. ಅಕ್ಕಪಕ್ಕದವರೆಲ್ಲ ಬಾ​ಗಿಲು ತೆಗೆದು ನಿಂತ್ಕೊಂಡ್ರು. ನಿಲ್ಲಲಿ ಅಂದೆ ಮನಸ್ಸಲ್ಲೇ. ಅವತ್ತೂ ಎಲ್ಲರ ಮುಂದೆ ಅಂದಿದ್ದೆ, ಇವತ್ತೂ ಎಲ್ಲರೂ ಕೇಳಲಿ. ಎದ್ದವಳು ನೀನೊಬ್ಬಳೇ, ಅದಕ್ಕೆ ನಿನಗೆ ಬೈದೆ, ತಪ್ಪಾಯ್ತು ಅಂದೆ. ಒಳಗಿಂದ ಏನೂ ಇಲ್ಲ.”

ಅಕ್ಕ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು.

“ನೋಡೋ ತನಕ ನೋಡಿ ಎಲ್ಲ ಒಳಗೆ ಹೋದ್ರು. ನಾನೂ ಇಳಿಯೋಣ ಅಂತ ತಿರುಗಿದೆ. ಆಗ ಬಾಗಿಲ ಹಿಂದಿಂದಾನೇ ಬಂತು ಅವಳ ದನಿ. ಅಷ್ಟು ಹೊತ್ತೂ ಅಲ್ಲೇ ನಿಂತಿದ್ಲು ಅನ್ಸುತ್ತೆ.”

“ಏನಂದ್ರು?”

“‘ನಲ್ಲಿ ನಿಲ್ಲಿಸ್ದೇ ಬಂದಿದೀಯ. ಇಲ್ಲಿ ನೀರು ಬರ್ತಿಲ್ಲ’ ಅಂದ್ಲು.”

ನಾನು ಅವರ ಮುಖವನ್ನೇ ನೋಡಿದೆ.

“ಬಿದ್ದಂಬೀಳ ಕೆಳಗೆ ಓಡಿದೆ. ಬಕೆಟ್ ತುಂಬಿ ಅಡುಗೆಮನೆ ತುಂಬ ನೀರು. ನಲ್ಲಿ ನಿಲ್ಲಿಸಿದೆ. ಮೇಲೆ ಅವಳ ಬಕೆಟ್‌ಗೆ ನೀರು ಬೀಳೋಕೆ ಶುರುವಾಯ್ತು. ತುಂಬೋ ತನಕ ಆ ನೀರಲ್ಲೇ ನಿಂತಿದ್ದೆ.” ಅಕ್ಕ ಕಣ್ಣು ಒರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟರು. “ನಾನು ದಿನಾ ನಿಲ್ಲಿಸ್ತಿದ್ದದ್ದು ಅವಳಿಗೆ ಗೊತ್ತಿತ್ತು ಕಿವಿ. ಮೊದಲಿಂದಲೂ ಗೊತ್ತಿತ್ತು.”

“ಬಾಗಿಲು ತೆಗೆದ್ರಾ ಆಮೇಲೆ?”

“ಇಲ್ಲ. ಇನ್ನೂ ತೆಗೆದಿಲ್ಲ.”

ಒಳಗೆ ಜಗಳದ ಕೋಣೆಯಲ್ಲಿ ಹೊಸಬಳೊಬ್ಬಳು ಯಂತ್ರದ ಮೇಲೆ ಕೂಗಾಡುತ್ತಿದ್ದಳು. ಯಂತ್ರ ಲಾಂಡ್ರಿ ಅಕ್ಕನ ತಂಗಿಯ ಮಾತಿನಲ್ಲಿ, ಅವಳದೇ ಧಾಟಿಯಲ್ಲಿ, ಸರಿ ಬಿಡು ಎನ್ನುತ್ತಿತ್ತು. ಇಲ್ಲಿಯ ತನಕ ಕೇಳಿಸಿತು. ಅಕ್ಕ ಆ ಕಡೆ ತಿರುಗಿಯೂ ನೋಡಲಿಲ್ಲ. ಕಾರ್ಡನ್ನು ನನ್ನ ಕೈಗೆ ಕೊಟ್ಟು, ಒಂದು ಲೋಟ ಟೀ ಕುಡಿದು ಹೋಗಿ ಎಂದು ನಾನು ಹೇಳಿದರೂ ಕೇಳದೆ ಎದ್ದರು.

“ನೀರು ಬರೋ ಹೊತ್ತಾಯ್ತು,” ಎಂದರು. “ನಾನು ಹೋಗಿ ನಲ್ಲಿ ನೋಡ್ಬೇಕು.”